ಕ್ರಿಯಾಪದ ಮೊದಲು

ಮೊದಲು ಕ್ರಿಯಾಪದ ಬರಲಿ, ಅನ್ನುತ್ತಾರೆ ಮಿಸೆಸ್ ಹೆಬಲ್‌ವೈಟ್,
ಹಲ್ ಊರಿನ ಕಾಲೇಜು, ಕರಿಯರ್ ಆಫೀಸು, ಮೂರನೇ ಮೇಜು,
ಕನ್ನಡಕ ಹಣೆಗೇರಿಸಿ, ಹಸಿರು ಪೆನ್ನು ಹಿಡಿದು.
ನಿಭಾಯಿಸಿದೆ. ಸಂಘಟಿಸಿದೆ. ಹೆಚ್ಚಿಸಿದೆ.
ಪ್ರತಿ ಸಾಲಿನ ಬಾಗಿಲಲ್ಲೂ ಒಂದೊಂದು ಆಳು ನಿಂತಿರಬೇಕು
ಎದೆ ಸೆಟೆಸಿ.

ನನ್ನ ಭಾಷೆಯಲ್ಲಿ ಅದು ಕೊನೆಗೆ ಬರುತ್ತದೆ,
ಎಲ್ಲರಿಗೂ ಬಡಿಸಿ, ಪಾತ್ರೆಯ ತಳ ಕೆರೆದುಕೊಂಡು
ಉಣ್ಣಲು ಕೂರುವವಳ ಹಾಗೆ.
ಅವಳು ಕೂರುವ ತನಕ ವಾಕ್ಯ ಏಳುವಂತಿಲ್ಲ.
ಇದನ್ನು ಅವರಿಗೆ ಹೇಳಲಿಲ್ಲ.
ಅಪಾಯಿಂಟ್‌ಮೆಂಟು ಇಪ್ಪತ್ತೇ ನಿಮಿಷ.

'ನಾನು' ಬೇಡ, ಎಂದರು. ಕಂಡಲ್ಲೆಲ್ಲ ಹೊಡೆದರು.
ಅದೊಂದು ಸುಲಭವಾಯಿತು:
ನಮ್ಮಲ್ಲಿ ನಾನು ಹೇಗೂ ಕ್ರಿಯಾಪದದ ಬಾಲದಲ್ಲಿ
ಒಂದು ಎತ್ವವಾಗಿ ಮುದುರಿ ಮಲಗಿರುತ್ತೇನೆ.

ಏನೇನು ಗೊತ್ತು ನಿನಗೆ?
ಗೊತ್ತು ಅನ್ನುವುದಕ್ಕಿಂತ, ಬರುತ್ತದೆ.
ಲೆಕ್ಕ ಬರುತ್ತದೆ, ಎಕ್ಸೆಲ್ ಬರುತ್ತದೆ,
ಈಜು ಅಷ್ಟಾಗಿ ಬರುವುದಿಲ್ಲ.
ಎಲ್ಲಿಂದಲೋ ನಡೆದು ಬಂದು, ಕದ ತಟ್ಟಿ,
ಒಂದು ದಿನ ಉಳಿದೇಬಿಡುತ್ತವೆ.
ತಾವಾಗಿ ಬಂದವನ್ನು ನನ್ನವೆಂದು ಹೇಗೆ ಹೇಳಲಿ?
ಪ್ರವೀಣೆ, ಎಂದು ಬರೆದರು ಹಸಿರಿನಲ್ಲಿ.

ಅನುಭವ?
ನ್ಯೂಲ್ಯಾಂಡ್ ಅವೆನ್ಯೂ ಲಾಂಡ್ರೆಟ್ಟು. ಶನಿವಾರ, ಮತ್ತೆ ಗುರುವಾರ ಸಂಜೆ.
ಚಿಲ್ಲರೆ ಕೊಡುತ್ತೇನೆ. ಡ್ರೈಯರಿನ ಬಲೆಯಿಂದ ನೂಲಧೂಳು ತೆಗೆಯುತ್ತೇನೆ.
ಒಂಟಿ ಕಾಲುಚೀಲಗಳನ್ನು ಡಬ್ಬಿಗೆ ಹಾಕಿಡುತ್ತೇನೆ.
ಎಷ್ಟು? ಸಂಖ್ಯೆ ಹೇಳು. ಸಂಖ್ಯೆಯಿಲ್ಲದ ಸಾಲನ್ನು ಯಾರೂ ಓದುವುದಿಲ್ಲ.
ಪುಣ್ಯಕ್ಕೆ ಎಣಿಸಿದ್ದೆ:
ಎಂಟು ತಿಂಗಳಲ್ಲಿ ನೂರಾ ಎಂಬತ್ತೇಳು ಒಂಟಿ,
ಜೋಡಿ ಸಿಕ್ಕಿ ಮನೆಗೆ ಹೋದದ್ದು ಹನ್ನೊಂದು.
ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ,
"ಗ್ರಾಹಕರ ಸ್ವತ್ತಿನ ನಷ್ಟ ತಗ್ಗಿಸಿದೆ."
ಶೇಕಡಾ ಆರು ಅಂತ ಸೇರಿಸಲೇ, ಕೇಳಿದೆ.
ಇಬ್ಬರಿಗೂ ನಗು ಬಂತು. ನಗುವೂ ಬರುವುದೇ.

ಆಗ ಬೆರಳು ಎಡಬದಿಯ ತಾರೀಕುಗಳ ಮೇಲೆ ಜಾರಿ
ಫೆಬ್ರವರಿಗೂ ಜೂನಿಗೂ ನಡುವೆ ನಿಂತಿತು.
ಇಲ್ಲಿ?

ಇಲ್ಲಿ ಹಂಬರ್ ನದಿಯ ಕಡೆಯಿಂದ ಮಂಜು ಬರುತ್ತಿತ್ತು.
ಮೂರು ಪರೀಕ್ಷೆಗಳು ನಾನಿಲ್ಲದೆ ನಡೆದುಹೋದವು.
ಪಕ್ಕದ ರೂಮಿನ ಶಾನನ್ ಬಾಗಿಲ ಮುಂದೆ ಟೋಸ್ಟಿನ ತಟ್ಟೆ ಇಟ್ಟು
ತಟ್ಟದೆ ಹೋಗುತ್ತಿದ್ದಳು.
ಕಿಟಕಿಯಾಚೆ ಈ ಊರಿನ ಕೆನೆಬಣ್ಣದ ಫೋನ್ ಗೂಡು;
ಅದರೊಳಗೆ ನಿಂತು ಯಾರೂ ಮಾತಾಡಿದ್ದು ಕಂಡಿಲ್ಲ,
ಆದರೂ ರಾತ್ರಿಯೆಲ್ಲ ದೀಪ ಉರಿಯುತ್ತಿತ್ತು.
ಅದನ್ನು ನೋಡುತ್ತ

ಇದ್ದೆ.

ಅಷ್ಟೇ. ನಮ್ಮಲ್ಲಿ ಅದು ಪೂರ್ತಿ ವಾಕ್ಯ.
ಇಂಗ್ಲಿಷಿನಲ್ಲಿ ಚುಕ್ಕಿಯಿಟ್ಟು ಬರೆದರೆ
ಎಲ್ಲಿ, ಏನಾಗಿ, ಎಂದು ಬಾಯಿ ತೆರೆದೇ ಕೂರುತ್ತದೆ.

ಮಿಸೆಸ್ ಹೆಬಲ್‌ವೈಟ್ ನನ್ನ ಮುಖ ನೋಡಲಿಲ್ಲ.
ತಿಂಗಳು ತೆಗೆದುಬಿಡು, ಎಂದರು. ವರ್ಷ ಸಾಕು.
ಒಳಮಗ್ಗುಲಿಂದ ಹೊಲಿಗೆ ಬಿದ್ದ ಹಾಗೆ
ಆ ನಾಲ್ಕು ತಿಂಗಳು ಮುಚ್ಚಿಕೊಂಡವು.
ಉಳಿದದ್ದಕ್ಕೆಲ್ಲ ಥ್ಯಾಂಕ್ಸ್ ಹೇಳಿದೆ,
ಇದಕ್ಕೆ ಹೇಳಲು ಮರೆತೆ.

ಗುರುವಾರ ಸಂಜೆ ಮಿಸ್ಟರ್ ಸ್ಟ್ಯಾದರ್ಸ್ ಬಂದರು,
ಹಳೆಯ ಮೀನು ಹಡಗಿನ ಅಡುಗೆಯವರು.
ವಾರಕ್ಕೊಂದೇ ಶರ್ಟು ತರುತ್ತಾರೆ, ನಲವತ್ತು ನಿಮಿಷ ಕೂರುತ್ತಾರೆ.
ಕಾಗದ ಕೈಗಿತ್ತೆ. ತೋಳಿನಳತೆ ದೂರ ಹಿಡಿದು ಓದಿದರು.
'ಗ್ರಾಹಕ ಸೇವೆ' ಅಂದರೆ ನಾನೋ?
ನೀವೇ, ಎಂದೆ.
ಹೂಂ, ಎಂದರು. ಮತ್ತೆ ಮೇಲಿನಿಂದ ಓದಿದರು.
ಲಾಂಡ್ರೆಟ್ಟಿನಲ್ಲಿ ಒಂದು 'ಇ' ಕಮ್ಮಿಯಿದೆಯಲ್ಲ ಮಗಳೇ.

ಹತ್ತೊಂಬತ್ತು ಕಂಪನಿಗೆ ಕಳಿಸಿಯಾಗಿತ್ತು.
ಅವರು ಎದ್ದು, ಕಿಟಕಿ ಗಾಜಿನ ದೊಡ್ಡ ಕೆಂಪಕ್ಷರಗಳನ್ನು
ಒಳಗಿನಿಂದ, ಹಿಂದುಮುಂದಾಗಿ,
ಒಂದೊಂದಾಗಿ ಬೆರಳಿಟ್ಟು ಓದಿಸಿದರು.