ಎಡ ಮೂಲ್ಯಾಗ ನಿಂತಾವ

ದಲಬೀರ,
ನಿನ್ನ ಮಾರಿಗಿಂತ ನಿನ್ನ ಬಲಗಾಲಿನ ಹರಡು
ನನಗ ಚಂದಾಗಿ ಗೊತ್ತದ.
ಒಂಬತ್ತು ಹಂಗಾಮು ನೋಡೀನಿ ಅದನ್ನ,
ಬಗ್ಗಿ, ಮೊಣಕಾಲ ಮ್ಯಾಲ ಕೈ ಊರಿ,
ಎಡ ಮೂಲ್ಯಾಗ ನಿಂತು.
ನೀ ಬೋನಸ್ ಗೆರಿ ಕಡೆ ಹೊಂಟಾಗ
ಮೊದಲ ಕಾಲಿನ ಹೆಬ್ಬೆರಳು ಹೇಳ್ತದ, ಆಮ್ಯಾಲ ಹಿಮ್ಮಡ.
ಕಣ್ಣು ಮಾತ್ರ ಸುಳ್ಳು ಹೇಳ್ತಾವ.
ನಾ ಕಣ್ಣು ನೋಡಂಗೇ ಇಲ್ಲ.

ಹಂಗಾಮು ಮುಗದದ. ಶಹಾಬಾದಕ್ಕ ಬಂದೀನಿ.
ನಸಿಕಿನ್ಯಾಗ ಎದ್ದು
ನೀರು ನಿಂತ ಹಳೇ ಖಣಿ ಸುತ್ತ ಓಡ್ತೀನಿ.
ಮೊದಲ್ನೇ ಸುತ್ತಿಗಿ ಮೊಣಕಾಲು ಬೈತದ,
ಎರಡನೇದಕ್ಕ ಗೊಣಗ್ತದ,
ಮೂರನೇದಕ್ಕ ಅದಕ್ಕೂ ನನಗೂ ಮಾತಿಲ್ಲ.
ಮುಂಬೈ ಗಾಡಿ ಹೋಗ್ತದ. ಕಿಡಕ್ಯಾಗಿಂದ ಯಾರೋ ನೋಡ್ತಾರ,
ಮೂವತ್ನಾಲ್ಕರ ಈ ಮನಶ್ಯಾ
ಯಾರ ಬೆನ್ನ ಹತ್ತಿ ಓಡ್ಲತ್ತಾನ ಅಂತ.

ಹೋದ ವಾರ ಸಾಲ್ಯಾಗ ಮೈಕ್ ಕೊಟ್ಟರು.
ಕಷ್ಟಪಟ್ಟಿದ್ದು ಹೇಳ್ರಿ, ಹುಡುಗರಿಗಿ ಹುರುಪು ಬರಲಿ ಅಂದರು.
ಏನ ಹೇಳಲಿ?
ಬ್ಯಾಸರಾ, ಅಂದೆ. ಬ್ಯಾಸರಾ ಆಗ್ತದ.
ಒಂದೇ ಹಿಡತ, ದಿನಕ್ಕ ಇನ್ನೂರು ಸಲ.
ನೂರಾ ತೊಂಬತ್ತಕ್ಕ ನಿಲ್ಲಿಸಿದ್ರ
ಯಾರಿಗೂ ತಿಳಿಯಂಗಿಲ್ಲ.
ಯಾರಿಗೂ ತಿಳಿಯಂಗಿಲ್ಲ ಅಂಬೋದೇ ಕಷ್ಟ.
ಹೆಡ್ ಮಾಸ್ತರು ಕೆಮ್ಮಿದರು.
ಮೈಕ್ ತಿರುಗಿ ಕೊಟ್ಟು ಕುಂತೆ.

ನಮ್ಮಪ್ಪ ಫರ್ಸಿ ಕಲ್ಲು ಸೀಳಾವ.
ಉಳಿ ಇಡೂಕಿಂತ ಮೊದಲ
ಹತೋಡಿ ತುದೀಲೆ ಟಕ್ ಟಕ್ ಬಡದು ಕಿವಿ ಹಚ್ಚಾವ.
ಎಲ್ಲಿ ಬಿಡ್ತೀನಿ ಅಂತ ಕಲ್ಲೇ ಹೇಳ್ತದ, ಸಾಯಬ್ಯಾ,
ಜೋರು ಮಾಡಿದ್ರ ಚೂರಾಗ್ತದ, ಕೂಲಿ ಹೋಗ್ತದ.
ನಿನ್ನ ಕಾಲಿಗಿ ನಾ ಕಿವಿ ಹಚ್ಚಿದ್ದು
ಆ ಖಣಿಯಾಗ ಕಲ್ತು.

ಅದಕ್ಕೇ ಪುಣೆದಾಗ
ನೀ ಮ್ಯಾಟಿಗಿ ಕಾಲಿಟ್ಟ ಕೂಡ್ಲೇ ತಿಳೀತು.
ಕಾಲಚೀಲದ ಒಳಗ ಪಟ್ಟಿ ಬಿಗದಿದ್ದಿ.
ಯಾರಿಗೂ ಹೇಳಿದ್ದಿಲ್ಲ, ನಿಮ್ಮ ಕೋಚಗೂ.
ಹೇಳಿದ್ರ ಕೂಡಸ್ತಿದ್ದರು ಬೆಂಚಿನ ಮ್ಯಾಲ,
ಮುಂದಿನ ಹರಾಜಿನ್ಯಾಗ ನಿನ್ನ ರೇಟು ಇಳೀತಿತ್ತು.
ನಿನಗರೆ ರೇಟು ಅದ; ನನ್ನದು ಎರಡು ಸಲ ಮೂಲ ಬೆಲಿ.
ರೇಡರನ ಹೆಸರು ಊರೇ ಕೂಗ್ತದ,
ಹಿಡದಾವನ್ನ ಅಂವನ ಮನಿಯವರು ಗುರ್ತು ಹಿಡೀತಾರ.
ಇರಲಿ.

ಇಬ್ಬರದೂ ಇಪ್ಪತ್ತೊಂಬತ್ತು. ಕಡೀ ರೇಡು.
ಕಬಡ್ಡಿ ಕಬಡ್ಡಿ ಅನಕೋತ ಬಂದಿ,
ನಡುವ ಒಂದು ಅಕ್ಷರ ನೋವಿಗಿ ಮುರೀತು,
ಹತ್ತು ಸಾವಿರ ಮಂದಿ ಗದ್ದಲದಾಗ
ನನಗಷ್ಟೇ ಕೇಳ್ತು.

ತೊಡಿ ಹಿಡೀಬಹುದಿತ್ತು.
ನಡಾ ಹಿಡೀಬಹುದಿತ್ತು.
ಹಿಡದದ್ದು ಹರಡು.
ಆ ಹರಡೇ.

ನಿನ್ನ ಎತ್ತಕೊಂಡು ಹೋಗುವಾಗ
ನನ್ನ ತಲಿ ಮ್ಯಾಲ ಕೈ ಇಟ್ಟಿ ಒಂದು ಗಳಿಗಿ.
ಶಾಬಾಸ್ ಅನ್ನಾಕೋ,
ಬೀಳಬಾರದಂತ ಆಸರಕ್ಕೋ,
ಇನ್ನೂ ತಿಳಿದಿಲ್ಲ ನನಗ.

ಎರಡು ತಿಂಗಳಾತು. ಓಡುವಾಗ ಲೆಕ್ಕ ಹಾಕ್ತೀನಿ.
ಕರುಣಾ ತೋರಿಸಿ ಬಿಟ್ಟಿದ್ರ
ನೀ ನೋವು ನುಂಗಿ ಬಂದದ್ದಕ್ಕ ಬೆಲಿ ಎಲ್ಲಿ ಇರ್ತಿತ್ತು,
ಅದು ನಿನಗ ಅವಮಾನ ಮಾಡಿದಂಗ,
ಅಂತ ಜಗದೇವಿ ಮುಂದ ಹೇಳಿದೆ.
ಆಕಿ ರೊಟ್ಟಿ ಬಡಿಯೂದು ನಿಲ್ಲಿಸದೇ ಅಂದಳು:
ಖರೇ ಇದ್ದೀತು.
ಆದ್ರ ಗೆದ್ದಾವ ಆ ಮಾತು ಹೇಳಬಾರದು.

ಅದಕ್ಕೇ ನಿನಗ ಫೋನ್ ಹಚ್ಚಿಲ್ಲ.
ನಂಬರು ತಗದು ನೋಡ್ತೀನಿ, ಇಡ್ತೀನಿ.
ಖಣಿ ದಂಡ್ಯಾಗ ಕುಂತು
ಕಾಲು ನೀರಾಗ ಬಿಡ್ತೀನಿ, ನನ್ನ ಹರಡು ನಾನೇ ಹಿಡೀತೀನಿ,
ಎಷ್ಟು ಜೋರು ಹಿಡದಿದ್ದೆ ಅಂತ ನೋಡಾಕ.
ಅಷ್ಟೇ ಜೋರು ಹಿಡಿಯಾಕ ಕೈ ಒಪ್ಪಂಗಿಲ್ಲ.

ನಿನ್ನ ಜಾಗಾಕ್ಕ ಹೊಸ ಹುಡುಗನ್ನ ತಗೊಂಡಾರಂತ.
ಹತ್ತೊಂಬತ್ತರಾವ, ಗಾಳಿ ಇದ್ದಂಗ ಇದ್ದಾನಂತ.
ಕಾಲು ಜಲ್ದಿ ನೆಟ್ಟಗ ಮಾಡ್ಕೊ, ದಲಬೀರ.
ಹೊಸಬರ ಕಾಲು
ನನಗ ಓದಾಕ ಬರಂಗಿಲ್ಲ.