ಷರಾ

ಆಡಿದ ಮಾತನ್ನು ಅಕ್ಷರ ಬಿಡದೆ ಬರೆಯಬೇಕು,
ನಿಯಮ ಹಾಗಿದೆ. ಚುಕ್ಕಿ ಇಟ್ಟು ಮರೆಸುವಂತಿಲ್ಲ,
‘ಅವಾಚ್ಯವಾಗಿ ನಿಂದಿಸಿದ’ ಎಂದು ಮುಸುಕು ಹೊದಿಸುವಂತಿಲ್ಲ.
ಹಾಗಾಗಿ ಭಾನುವಾರ ಬೆಳಗ್ಗೆ, ಲ್ಯಾಂಕಾಸ್ಟರಿನ ಅಡುಗೆಮನೆಯಲ್ಲಿ,
ಟೋಸ್ಟಿನ ಪುಡಿ ಒರೆಸಿ ಲ್ಯಾಪ್‌ಟಾಪ್ ತೆರೆದು
ನನ್ನ ತಾಯಿಯ ಬಗ್ಗೆ ಓರ್ಮ್‌ರಾಡ್ ಹೇಳಿದ್ದನ್ನು
ಒಂದೊಂದೇ ಅಕ್ಷರ ಕುಟ್ಟುತ್ತಿದ್ದೇನೆ.

ಎದುರಿಗೆ ಮಗಳು, ಭೂಗೋಳದ ಹೋಮ್‌ವರ್ಕು,
ಜ್ವಾಲಾಮುಖಿಗೆ ಬಣ್ಣ ತುಂಬುತ್ತ
ತಲೆ ಎತ್ತದೆ ಅನ್ನುತ್ತಾಳೆ:
‘ಅದು ಒಂದೇ ಪದ ಅಪ್ಪಾ, ನಡುವೆ ಜಾಗ ಬಿಡಬೇಡ.’

ತಾಯಿ ತೀರಿಕೊಂಡು ಒಂಬತ್ತು ವರ್ಷ.
ಫುಟ್‌ಬಾಲ್ ಎಂದರೆ ಅವಳಿಗೆ
ತೊಳೆದು ಒಣಹಾಕಬೇಕಾದ ಕಾಲುಚೀಲ, ಅಷ್ಟೇ.
ನಿನ್ನೆ ಬ್ಯಾರೋದಲ್ಲಿ ನಾಲ್ಕು ಸಾವಿರ ಜನ ಸೇರಿ
ಮಣ್ಣಿನಿಂದ ಅವಳನ್ನು ಎಬ್ಬಿಸಿ ಕೂರಿಸಿದರು.

ಆದದ್ದು ಇಷ್ಟು. ಎಂಬತ್ತೆಂಟನೇ ನಿಮಿಷ.
ಕಾರ್ನರಿನಿಂದ ಹೊರಬಿದ್ದ ಚೆಂಡು ಮತ್ತೆ ಒಳಬಂತು.
ವಾಲ್ನಿ ದ್ವೀಪದ ಕಡೆಯ ಗಾಳಿ
ಚೆಂಡನ್ನೂ ಬಿಡುವುದಿಲ್ಲ, ಬಾವುಟವನ್ನೂ ಬಿಡುವುದಿಲ್ಲ.
ಓರ್ಮ್‌ರಾಡ್ ತಲೆ ಕೊಟ್ಟ.
ಅಡ್ಡಕಂಬಕ್ಕೆ ಬಡಿದು ನೇರ ಕೆಳಗೆ,
ಬಿಳಿ ಗೆರೆಯ ಮೇಲೋ, ಆಚೆಗೋ,
ಗೋಲ್‌ಕೀಪರ್ ಹುಡುಗ ಟೋಬಿ ಬಾಚಿ ಎದೆಗವುಚಿಕೊಂಡ,
ಬಾವಿಕಟ್ಟೆಯಿಂದ ಕೂಸನ್ನು ಎಳೆದುಕೊಂಡವನ ಹಾಗೆ.

ನಾನು? ಡಿಫೆಂಡರುಗಳ ಸಾಲಿನ ಜೊತೆ ಹೊರಗೋಡಿದ್ದೆ.
ಹಿಂದಿರುಗುವುದು ಎರಡು ಹೆಜ್ಜೆ ತಡ.
ಎಡಮಂಡಿ. ಯಾರಿಗೂ ಹೇಳಿಲ್ಲ.
ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ.
ಪ್ರಮಾಣಿಸಲು ನನಗಿದ್ದದ್ದು ಒಂದು ಉಸಿರು,
ಕಂಡದ್ದು ಟೋಬಿಯ ಬೆನ್ನು.
ರೆಫರಿ ನನ್ನತ್ತ ತಿರುಗಿದ.
ನನ್ನ ಬಾವುಟ ತೊಡೆಗಂಟಿಕೊಂಡೇ ಇತ್ತು.

ವಾರದ ಐದು ದಿನ ನಾನು ಡ್ರೈವಿಂಗ್ ಪರೀಕ್ಷಕ.
‘ಕಾಣಲಿಲ್ಲ ಸರ್’ ಎಂದವರಿಗೆ
‘ಕಾಣದಿದ್ದರೆ ನಿಲ್ಲಬೇಕಿತ್ತು’ ಎಂದು ಹೇಳಿ ಫೇಲು ಮಾಡುತ್ತೇನೆ.
ಇಲ್ಲಿ ನಿಲ್ಲುವ ಹಾಗಿಲ್ಲ.

ಓರ್ಮ್‌ರಾಡ್ ಬಂದ. ಹಣೆಯಲ್ಲಿ ಚೆಂಡಿನ ಕೆಸರು ಇನ್ನೂ ಹಸಿ,
ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಎಂಜಲು ನನ್ನ ಕೆನ್ನೆಗೆ.
ಮೂವತ್ತಾರು ವಯಸ್ಸು, ಮುಂದಿನ ವರ್ಷದ ಕರಾರಿಲ್ಲ.
ಬೇಲಿಯ ಮೇಲೆ ಬಾಗಿ ಮುದುಕನೊಬ್ಬ
‘ಕಣ್ಣು ಯಾವ ಅಂಗಡಿಗೆ ಮಾರಿದೆಯೋ’ ಎಂದ.
ಗ್ರೇವಿ ಸುರಿದ ಚಿಪ್ಸು ನನ್ನ ಬೂಟಿನ ಮೇಲೆ, ಬೆಚ್ಚಗೆ.
ಕೆಂಪು ಕಾರ್ಡು ಎದ್ದಿತು. ಆ ಗಾಳಿಯಲ್ಲೂ ಅಲುಗಲಿಲ್ಲ.

ಆಮೇಲೆ ಓಣಿಯಲ್ಲಿ, ಸ್ನಾನದ ಒದ್ದೆ ತಲೆಯ ಟೋಬಿ ಸಿಕ್ಕ.
ಹತ್ತೊಂಬತ್ತರ ಹುಡುಗ, ಬೇರೆ ಕ್ಲಬ್ಬಿನಿಂದ ಎರವಲು ಬಂದವನು.
ಹೆಬ್ಬೆರಳು ತೋರುಬೆರಳು ಅಗಲಿಸಿ,
ಗೇಣಿಗಿಂತ ಕೊಂಚ ಕಡಿಮೆ,
‘ಇಷ್ಟು ಒಳಗೆ ಹೋಗಿತ್ತು, ಸರ್’ ಎಂದ.
‘ಯಾರೂ ಕೇಳಲಿಲ್ಲವಲ್ಲ.’
ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೋದ.

ಮೌನಕ್ಕೆ ಕಾರ್ಡಿಲ್ಲ.
‘ಸರ್’ ಎಂದವನು ಮನೆಗೆ,
ನಿಜ ಕೂಗಿದವನು ಮೂರು ಪಂದ್ಯ ಹೊರಗೆ.

ಹೆಸರು, ಅಂಗಿಯ ಸಂಖ್ಯೆ, ನಿಮಿಷ, ಆಡಿದ ಮಾತು,
ಎಲ್ಲ ತುಂಬಿಯಾಯಿತು. ಕೊನೆಗೊಂದು ಖಾಲಿ ಚೌಕ: ಷರಾ.
ಹದಿನೇಳು ವರ್ಷದಲ್ಲಿ ಅಲ್ಲಿ ಏನನ್ನೂ ಬರೆದವನಲ್ಲ.

‘ಆತ ಹೇಳಿದ್ದು ಸರಿ,’ ಎಂದು ಬರೆದೆ,
‘ನನ್ನ ತಾಯಿಯ ವಿಷಯ ಬಿಟ್ಟು.’

ಮಗಳು ಎದ್ದು ಬಂದು ಓದಿದಳು.
‘ಇದನ್ನ ನಿಜವಾಗ್ಲೂ ಕಳಿಸ್ತೀಯಾ?’
ಕಳಿಸಿದ್ದೆ ಆಗಲೇ.
ಕೆಂಪು ಪೆನ್ಸಿಲು ಮುಗಿದಿದೆಯಂತೆ, ಲಾವಾಕ್ಕೆ ಕಂದು ಹಚ್ಚುತ್ತಾಳಂತೆ.

ನಾಳೆ ಒಂಬತ್ತಕ್ಕೆ ಮೊದಲ ಪರೀಕ್ಷೆ,
ನಾಲ್ಕನೇ ಸಲ ಬರುತ್ತಿರುವ ಮಿಸೆಸ್ ಪಿಲ್ಕಿಂಗ್ಟನ್.
ಕನ್ನಡಿ ನೋಡುತ್ತಾಳೆ, ಪಾಪ,
ಎಷ್ಟು ನೋಡುತ್ತಾಳೆಂದರೆ
ಎದುರಿನ ರಸ್ತೆಯೇ ಮರೆತುಹೋಗುತ್ತದೆ ಆಕೆಗೆ.