ಜನವರಿ ಒಂದು

ಜಬಿ ಬಂದು ಡಬ್ಬಿ ಬಿಚ್ಚಿದ, ಧೂಳು ಊದಿ ಕೆಮ್ಮಿದ.
"ಅಕ್ಕಾ, ಇದರ ಆಯಸ್ಸು ಇನ್ನೊಂದೆರಡು ವಾರ.
ಫೋಟೋ ಗೀಟೋ ಇದ್ರೆ ಇವತ್ತೇ ಸಾಗ್ಸಿ" ಅಂದು
ಹೊಸ ಡಿಸ್ಕೊಂದನ್ನು ಮೇಜಿನ ಮೇಲಿಟ್ಟು ಹೋದ.
ಬೆಂಕಿಪೊಟ್ಟಣ ನಾಲ್ಕು ಜೋಡಿಸಿದಷ್ಟು, ಅಷ್ಟೇ.

ತಿಪಟೂರು ರಸ್ತೆಯ ವೇಬ್ರಿಜ್ಜಿನಲ್ಲಿ
ಹತ್ತೊಂಬತ್ತು ವರ್ಷ ಕೊಬ್ಬರಿ ಲಾರಿ ತೂಗಿದವಳು ನಾನು.
ಖಾಲಿ ಗಾಡಿ ಒಂದು ಸಲ, ತುಂಬಿದ್ದು ಒಂದು ಸಲ,
ಕಳೆದರೆ ಉಳಿಯುವುದೇ ಮಾಲು.
ಕೈ ಸುಮ್ಮನಿರದೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ:
ನೂರಾ ಅರವತ್ತೆರಡು ಗ್ರಾಂ.
ಚೀಟಿ ಬರೆದು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದೆ.

ಹಸಿರು ಪಟ್ಟಿ ತೆವಳತೊಡಗಿತು.
ಇನ್ನು ಹನ್ನೊಂದು ನಿಮಿಷ ಅಂದಿತು.
ಅನ್ನಕ್ಕಿಟ್ಟು ಬಂದರೆ, ಇನ್ನು ನಾಲ್ಕು ಗಂಟೆ.
ಕುಕ್ಕರ್ ಕೂಗಿತು, ಸ್ಟೇಷನ್ನಿನಲ್ಲಿ ಮೈಸೂರು ಗಾಡಿ ಕೂಗಿತು,
ಇನ್ನು ಎರಡು ದಿನ.
ಅರಸೀಕೆರೆ ಜಂಕ್ಷನ್ನಿನಲ್ಲಿ ಕಾದು ಬೆಳೆದವರಿಗೆ
ಇಂಥ ಸುಳ್ಳು ಹೊಸದೇನಲ್ಲ.

ಕರೆಂಟ್ ಹೋಯಿತು. ಮೇಜಿನಡಿ ಯುಪಿಎಸ್
ಹಸಿದ ಕರುವಿನಂತೆ ಒರಲಿತು.
ಬಗ್ಗಿ ತಲೆ ಸವರಿದೆ. ಬಂತು.

ಒಂದು ಕಡೆ ತಡೆದು ನಿಂತು ಕೇಳಿತು:
ಈ ಹೆಸರಿನದು ಆಗಲೇ ಇದೆ,
ಇದನ್ನಿಡಲೇ, ಅದನ್ನಿಡಲೇ, ಎರಡನ್ನೂ ಇಡಲೇ?
ಎರಡನ್ನೂ ಇಡು ಮಾರಾಯ.
ನಮ್ಮ ಮನೆತನದಲ್ಲಿ ಮೂರು ಜನ ಗಂಗಾಧರರಿದ್ದಾರೆ,
ಯಾರನ್ನೂ ಆಚೆ ಹಾಕಿಲ್ಲ.

ರಾತ್ರಿ ಎಲ್ಲವೂ ತಾರೀಖಿನ ಸಾಲಿಗೆ ಬಂದು ಕೂತಾಗ
ಒಂದು ದಿನ ಮಾತ್ರ ಹೊಟ್ಟೆ ಉಬ್ಬಿಸಿಕೊಂಡಿತ್ತು:
ಎರಡು ಸಾವಿರದ ಐದು, ಜನವರಿ ಒಂದು.
ಆರುನೂರ ಹದಿನೇಳು ಫೋಟೋ.

ಹಳೇ ಕ್ಯಾಮೆರಾದ ಚಾಳಿ. ಸೆಲ್ ಬದಲಿಸಿದಾಗಲೆಲ್ಲ
ತಾರೀಖೆಷ್ಟು ಅಂತ ಕೇಳುತ್ತಿತ್ತು.
ಯಾರಿಗಿತ್ತು ಪುರುಸೊತ್ತು?
ಮಗು ಮುಖ ತಿರುಗಿಸುವ ಮೊದಲು,
ನೆಂಟರ ನಗು ಆರುವ ಮೊದಲು,
ಹೂಂ ಹೂಂ ಅಂತ ಗುಂಡಿ ಒತ್ತಿಬಿಡುತ್ತಿದ್ದೆವು.

ಹಾಗಾಗಿ ಆ ಒಂದೇ ದಿನ
ನಮ್ಮ ಪಾರಿಜಾತ ಕಿವಿ ಚುಚ್ಚಿಸಿಕೊಂಡು ಅತ್ತಳು,
ಗಣಿತದಲ್ಲಿ ಫೇಲಾಗಿ ಮೋರೆ ಊದಿಸಿಕೊಂಡಳು,
ಹಸಿರು ಬಳೆ ತೊಟ್ಟು ಸೀಮಂತಕ್ಕೆ ಕೂತಳು,
ಮತ್ತೆ ಹಲ್ಲು ಬಿದ್ದು ನಕ್ಕಳು.
ಇವರ ಮೀಸೆ ಬೆಳಗ್ಗೆ ಕರಿ, ಮಧ್ಯಾಹ್ನ ಬಿಳಿ,
ಸಂಜೆಗೆ ಪುನಃ ಕರಿ.
ಮಾರಿದ ಸ್ಕೂಟರ್ ಅಂಗಳದಲ್ಲೇ ನಿಂತಿದೆ.
ಮಾಳೇಕಲ್ ಬೆಟ್ಟದ ಮೆಟ್ಟಿಲು ಹತ್ತಲಾರದೆ
ಅರ್ಧಕ್ಕೇ ಕೂತ ಭಾವನವರು ಮಂಡಕ್ಕಿ ಮುಕ್ಕುತ್ತಿದ್ದಾರೆ.
ನಡುನಡುವೆ ಯಾರದೋ ಹೆಬ್ಬೆರಳು,
ಕೆಂಪಗೆ, ಇಡೀ ಲೋಕಕ್ಕೆ ಅಡ್ಡವಾಗಿ.

ಮತ್ತೆ ಅತ್ತೆ. ಮರುಳಮ್ಮನವರು.
ಕುರ್ಚಿಗೆ ಒರಗಿಸಿ, ಹಣೆತುಂಬ ವಿಭೂತಿ ಬಳಿದು,
ಸೇವಂತಿಗೆ ಹಾರದಲ್ಲಿ ಗಲ್ಲ ಮುಳುಗಿ.
ಅದರ ಪಕ್ಕದ್ದರಲ್ಲೇ
ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ
ಹಲಸಿನಹಣ್ಣು ಸೀಳುತ್ತ ನಗುತ್ತಾರೆ,
ಮೊಣಕೈವರೆಗೂ ಅಂಟು.

ಬೆಳಗ್ಗೆ ಜಬಿ ನೋಡಿ ತಲೆ ಕೆರೆದ.
"ತಾರೀಖು ತಿದ್ದಬೋದು ಅಕ್ಕಾ, ಎಲ್ಲಾ ಸಾಲಾಗಿ ಬರ್ತವೆ."
ಬೇಡಪ್ಪ ಅಂದೆ. ಆಮೇಲೆ,
ಇರು, ಒಂದನ್ನು ಹೇಗೆ ಅಂತ ತೋರಿಸು.

ಹಾರದ ಫೋಟೋದ್ದು.
ಆ ತಾರೀಖು ನನಗೆ ಬಾಯಿಗೆ ಬರುತ್ತದೆ.
ಅರ್ಧ ತೂಗಿದ ಲಾರಿ ಬಿಟ್ಟು ಓಡಿಬಂದ ದಿನ.
ರಸೀದಿ ಇನ್ನೂ ಪರ್ಸಿನಲ್ಲಿದೆ, ಖಾಲಿ ತೂಕ ಮಾತ್ರ ಬರೆದದ್ದು.
ಒಂದೊಂದೇ ಅಂಕಿ ಒತ್ತಿದೆ.
ಫೋಟೋ ಎದ್ದು ಎಂಟು ವರ್ಷ ಆಚೆ ಹೋಗಿ
ಒಂಟಿಯಾಗಿ ಕೂತಿತು.

ಡಿಸ್ಕನ್ನು ಮತ್ತೆ ತೂಗಿದೆ. ನೂರಾ ಅರವತ್ತೆರಡು.
ವೇಬ್ರಿಜ್ಜಿನಲ್ಲಾಗಿದ್ದರೆ
ಮಾಲೇ ಇಲ್ಲ ಅಂತ ಸಹಿ ಹಾಕುತ್ತಿದ್ದೆ.

ಜನವರಿ ಒಂದನ್ನು ತೆರೆದೆ.
ಅಲ್ಲಿ ಈಗ ಯಾರೂ ಸತ್ತಿಲ್ಲ.
ಅಂಟು ಹತ್ತಿದ ಕೈ ಮುಂದೆ ಚಾಚಿ ಅತ್ತೆ
ಕೊಬ್ಬರಿ ಎಣ್ಣೆ ಎಲ್ಲಿಟ್ಟೆಯೇ ಅಂತ ಕೇಳುತ್ತಿದ್ದಾರೆ.